ಫೈಬರ್ ಬಂದ ಮೇಲೆ ಫ್ಯಾಕ್ಸ್ ಅರ್ಧಕ್ಕೇ ನಿಲ್ಲುತ್ತಿದೆ: ದೂರವಾಣಿ ಲೈನಿಗೆ ಯಂತ್ರವನ್ನು ಜೋಡಿಸುವ ಸರಿಯಾದ ಕ್ರಮ ಯಾವುದು?

ಮೆಣಸಿನಬಳ್ಳಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಶಿರಸಿ ಪೇಟೆಯಲ್ಲಿ ನಮ್ಮದೊಂದು ಕಾಳುಮೆಣಸು ಮತ್ತು ಯಾಲಕ್ಕಿ ವ್ಯಾಪಾರವಿದೆ. ಕೆಳಗೆ ಅಂಗಡಿ, ಮಾಳಿಗೆಯಲ್ಲಿ ಮನೆ. ಜಪಾನಿನ ಗಿರಾಕಿಯೊಬ್ಬರು ಹಲವು ವರ್ಷಗಳಿಂದ ನಮ್ಮಿಂದ ಮೆಣಸು ತರಿಸಿಕೊಳ್ಳುತ್ತಿದ್ದು, ಬೇಡಿಕೆ ಪತ್ರವನ್ನು ಫ್ಯಾಕ್ಸ್ ಮೂಲಕವೇ ಕಳಿಸುತ್ತಾರೆ. ಸಹಿ ಮತ್ತು ಮೊಹರು ಹಾಕಿದ ಪ್ರತಿಯನ್ನು ನಾವೂ ಫ್ಯಾಕ್ಸಿನಲ್ಲೇ ಹಿಂದಿರುಗಿಸಬೇಕು. ಇಮೇಲ್ ಕಳಿಸಿದರೂ ಅವರ ಕಚೇರಿಯ ಕಡತಕ್ಕೆ ಫ್ಯಾಕ್ಸ್ ಪ್ರತಿಯೇ ಬೇಕಾಗುತ್ತದೆ. ಆದ್ದರಿಂದ ಫ್ಯಾಕ್ಸನ್ನೇ ಬಿಟ್ಟುಬಿಡಿ ಎಂಬ ಸಲಹೆ ನಮ್ಮ ಉಪಯೋಗಕ್ಕೆ ಬರುವುದಿಲ್ಲ ಎಂದು ಮೊದಲೇ ವಿನಂತಿಸಿಕೊಳ್ಳುತ್ತೇನೆ.

ಹಿಂದೆ ತಾಮ್ರದ ತಂತಿಯ ಲೈನ್ ಇದ್ದಾಗ ಮಳೆಗಾಲದಲ್ಲಿ ಆಗಾಗ ಕೆಟ್ಟುಹೋಗುತ್ತಿತ್ತು ಎಂಬುದನ್ನು ಬಿಟ್ಟರೆ ಯಂತ್ರಕ್ಕೆ ಬೇರೆ ತೊಂದರೆ ಇರಲಿಲ್ಲ. ಈಗ ಅದೇ ಸಂಖ್ಯೆಯನ್ನು ಫೈಬರಿಗೆ ಬದಲಾಯಿಸಿದ್ದಾರೆ. ಗೋಡೆಗೆ ಕೂರಿಸಿದ ಬಿಳಿ ಮೋಡೆಮ್ ಪೆಟ್ಟಿಗೆಯ ದೂರವಾಣಿ ಕಿಂಡಿಯಿಂದ ಒಂದು ತಂತಿ ಹಳೆಯ ರೋಸೆಟ್ ಡಬ್ಬಿಗೆ ಬರುತ್ತದೆ. ಅಲ್ಲಿಂದ ಒಂದು ಕವಲು ಅಂಗಡಿಯ ಫ್ಯಾಕ್ಸಿಗೂ ಇನ್ನೊಂದು ಮಾಳಿಗೆಯ ಫೋನಿಗೂ ಹೋಗಿದೆ. ಮಾತನಾಡುವಾಗ ಧ್ವನಿ ಸ್ಪಷ್ಟವಾಗಿಯೇ ಇದೆ, ಕೆಲವೊಮ್ಮೆ ಸಣ್ಣಗೆ ಚರಚರ ಎನ್ನುವುದುಂಟು. ಆದರೆ ಫ್ಯಾಕ್ಸ್ ಕಳಿಸಿದಾಗ ಮೊದಲ ಪುಟ ಹೋಗುತ್ತದೆ, ಎರಡನೆಯದರ ನಡುವೆ ಸಂಪರ್ಕ ತುಂಡಾಗುತ್ತದೆ. ಹಲವು ಸಲ ಪ್ರಯತ್ನಿಸಿದರೆ ಒಮ್ಮೆ ಮೂರೂ ಪುಟ ಹೋಗುತ್ತದೆ, ಮತ್ತು ಪ್ರತಿ ಪ್ರಯತ್ನಕ್ಕೂ ಹೊರದೇಶದ ಕರೆಯ ಹಣ ತೆರಬೇಕಾಗುತ್ತದೆ.

ಬರುವ ಫ್ಯಾಕ್ಸಿನ ತೊಂದರೆ ಬೇರೆಯದು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ಅವರು ಬೆಳಿಗ್ಗೆ 9ಕ್ಕೆ ಕಚೇರಿ ತೆರೆದು ಕಳಿಸಿದ್ದು ನಮ್ಮಲ್ಲಿ 5.30ಕ್ಕೆ ಗಂಟೆ ಬಾರಿಸುತ್ತದೆ. ಆ ಹೊತ್ತಿಗೆ ಎದ್ದು ಪೂಜೆಗೆ ಅಣಿಯಾಗುತ್ತಿರುವ ಅಪ್ಪಯ್ಯ ಮಾಳಿಗೆಯ ಫೋನನ್ನು ಎತ್ತಿಬಿಡುತ್ತಾರೆ, ಕೀ ಎಂಬ ಸದ್ದು ಕೇಳಿ ಇಟ್ಟುಬಿಡುತ್ತಾರೆ, ಫ್ಯಾಕ್ಸ್ ತಪ್ಪಿಹೋಗುತ್ತದೆ. ಯಂತ್ರವೇ ಬೇಗ ಎತ್ತಿಕೊಳ್ಳುವಂತೆ ಮಾಡಿದರೆ ಮಾತನಾಡಲು ಕರೆ ಮಾಡಿದ ನೆಂಟರ ಕಿವಿಗೆ ಅದರ ಕೂಗು ಬೀಳುತ್ತದೆ. ಪ್ರತ್ಯೇಕ ಸಂಖ್ಯೆಯನ್ನೇ ತೆಗೆದುಕೊಳ್ಳಬೇಕೇ, ಅಥವಾ ಇದ್ದುದರಲ್ಲೇ ಸರಿಪಡಿಸಲು ಬರುತ್ತದೆಯೇ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಹಳೆಯ ಕಂಬ, ಕುಮಟಾ

ಮಾನ್ಯರೇ, ನಾನು ದೂರವಾಣಿ ಲೈನಿನ ಕೆಲಸ ಮಾಡಿ ನಿವೃತ್ತನಾದವನು. ನೀವು ಬರೆದುದರಲ್ಲಿ ನನ್ನ ಗಮನ ಹಿಡಿದದ್ದು ಎರಡು ಸಂಗತಿ: ಫೈಬರ್ ಲೈನಿನಲ್ಲೂ ಚರಚರ ಸದ್ದು ಇದೆ ಎಂಬುದು, ಹಾಗೂ ಹೊಸ ಮೋಡೆಮಿನ ತಂತಿಯನ್ನು ಹಳೆಯ ರೋಸೆಟ್ಟಿಗೇ ತಂದು ಜೋಡಿಸಿದ್ದಾರೆ ಎಂಬುದು. ಗಾಜಿನ ಎಳೆಯಲ್ಲಿ ಬರುವುದು ಬೆಳಕು. ಅದು ಕೆಟ್ಟರೆ ಮಾತು ತುಂಡು ತುಂಡಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಚರಚರ ಎನ್ನುವುದು ತಾಮ್ರದ ಗುಣ. ಆದ್ದರಿಂದ ದೋಷ ನಿಮ್ಮ ಗೋಡೆಯೊಳಗಿನ ತಂತಿಯಲ್ಲೇ ಇರಬೇಕು.

ರೋಸೆಟ್ಟಿನ ಮುಚ್ಚಳ ತೆಗೆದು ನೋಡಿ. ಕಂಬದಿಂದ ಬರುತ್ತಿದ್ದ ಹಳೆಯ ಡ್ರಾಪ್ ವೈರಿನ ಎರಡು ತುದಿಗಳು ಇನ್ನೂ ಅದೇ ತಿರುಪುಗಳಲ್ಲಿ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಹಾಗಿದ್ದರೆ ನಿಮ್ಮ ಮೋಡೆಮ್ ಹೊರಡಿಸುವ ವಿದ್ಯುತ್ತು ಮನೆಯ ಫೋನುಗಳಿಗೆ ಮಾತ್ರವಲ್ಲದೆ ಬೀದಿಯ ಕಡೆಗೆ ತೂಗುಬಿದ್ದಿರುವ ಆ ಸತ್ತ ತಂತಿಗೂ ಹರಿಯುತ್ತಿರುತ್ತದೆ. ನಮ್ಮ ಕಡೆಯ ಮಳೆಯಲ್ಲಿ ಅದರ ಹೊದಿಕೆ ಎಲ್ಲೋ ಒಂದೆಡೆ ಬಿರಿದು, ಜಾಯಿಂಟಿಗೆ ನೀರಿಳಿದು, ತಾಮ್ರಕ್ಕೆ ಕಿಲುಬು ಹಿಡಿದಿದ್ದರೆ ಎರಡು ತಂತಿಗಳ ನಡುವೆ ಸ್ವಲ್ಪ ಸ್ವಲ್ಪವೇ ಸೋರಿಕೆ ಆಗುತ್ತಿರುತ್ತದೆ. ಮಾತಿಗೆ ಅದು ಸಣ್ಣ ಸದ್ದು; ಫ್ಯಾಕ್ಸಿಗೆ ಅದೇ ದೊಡ್ಡ ಅಡ್ಡಿ. ಆ ಎರಡು ತುದಿಗಳನ್ನು ತಿರುಪಿನಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ಬೇರೆ ಬೇರೆಯಾಗಿ ಟೇಪು ಸುತ್ತಿ ಹೊರಗಿಡಿ. ತಿರುಪಿಗೆ ಕೈ ಹಾಕುವ ಮುನ್ನ ಮೋಡೆಮಿನ ಕಿಂಡಿಯಿಂದ ದೂರವಾಣಿಯ ಕೊಂಡಿಯನ್ನು ಕಳಚಿರಬೇಕು. ಲೈನಿನಲ್ಲಿ ಸಾಮಾನ್ಯವಾಗಿ ಇರುವುದು 48 ವೋಲ್ಟಿನ ಆಸುಪಾಸಿನ ನೇರ ವಿದ್ಯುತ್ತಾದರೂ ಗಂಟೆ ಬಾರಿಸುವ ಕ್ಷಣದಲ್ಲಿ ಅದರ ಮೇಲೆ ಹಲವು ಹತ್ತು ವೋಲ್ಟಿನ ಪರ್ಯಾಯ ವಿದ್ಯುತ್ತು ಏರುತ್ತದೆ, ಒದ್ದೆ ಕೈಗೆ ಅದು ಚುರುಕು ಮುಟ್ಟಿಸದೆ ಬಿಡದು.

ಇನ್ನು ಯಂತ್ರದ ಹಿಂಬದಿಯನ್ನು ನೋಡಿ. ಅಲ್ಲಿ ಒಂದೇ ರೀತಿ ಕಾಣುವ ಎರಡು ಕಿಂಡಿಗಳಿರುತ್ತವೆ. ಲೈನ್ ಎಂದು ಬರೆದದ್ದು ಗೋಡೆಯಿಂದ ಬರುವ ತಂತಿಗೆ; ಎಕ್ಸ್‌ಟ್ ಅಥವಾ ಟೆಲ್ ಎಂದು ಬರೆದದ್ದು ಯಂತ್ರದ ಬೆನ್ನಿಗೆ ಜೋಡಿಸುವ ಫೋನಿಗೆ. ಇವು ಅದಲು ಬದಲಾದ ಎಷ್ಟೋ ಕಚೇರಿಗಳನ್ನು ನಾನು ಕಂಡಿದ್ದೇನೆ. ನಿಮ್ಮಲ್ಲಿ ಕರೆ ಹೋಗಿಬರುತ್ತಿರುವುದರಿಂದ ಬಹುಶಃ ಅದು ಸರಿಯಿದೆ, ಆದರೂ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಇದಾದ ಮೇಲೆ ಪರೀಕ್ಷೆ. ಮಾಳಿಗೆಯ ಫೋನು, ಕವಲು, ಉದ್ದ ತಂತಿ, ಹಳೆಯ ಬ್ರಾಡ್‌ಬ್ಯಾಂಡ್ ಕಾಲದ ಫಿಲ್ಟರ್ ಡಬ್ಬಿ, ಏನಿದ್ದರೂ ಎಲ್ಲವನ್ನೂ ತೆಗೆದು, ಮೋಡೆಮಿನ ಕಿಂಡಿಯಿಂದ ಫ್ಯಾಕ್ಸಿನ ಲೈನ್ ಕಿಂಡಿಗೆ ಗಿಡ್ಡ ತಂತಿಯೊಂದನ್ನೇ ನೇರವಾಗಿ ಹಾಕಿ. ರಿಸೀವರ್ ಎತ್ತಿ ಒಂದೇ ಒಂದು ಅಂಕಿಯನ್ನು ಒತ್ತಿದರೆ ಡಯಲ್ ಟೋನ್ ನಿಂತು ಕೆಲ ಕ್ಷಣ ಲೈನು ಮೌನವಾಗುತ್ತದೆ. ಆ ಮೌನಕ್ಕೆ ಕಿವಿಗೊಡಿ. ಗುಂಯ್‌ಗುಡುವಿಕೆಯಾಗಲಿ ಚರಚರವಾಗಲಿ ಇರಬಾರದು. ಅಲ್ಲಿ ಫ್ಯಾಕ್ಸ್ ಸರಿಯಾಗಿ ಹೋದರೆ, ತೆಗೆದದ್ದನ್ನು ಒಂದೊಂದಾಗಿ ಮರಳಿ ಸೇರಿಸುತ್ತಾ ಪ್ರತಿ ಸಲವೂ ಕಳಿಸಿ ನೋಡಿ. ಜಪಾನಿಗೆ ಕಳಿಸಿ ಪರೀಕ್ಷಿಸುವ ಅಗತ್ಯವಿಲ್ಲ, ಊರಿನಲ್ಲೇ ಫ್ಯಾಕ್ಸ್ ಇರುವ ಪರಿಚಯದವರಿದ್ದರೆ ಸಾಕು.

ಮೆಣಸಿನಬಳ್ಳಿ, ಶಿರಸಿ

ಹಿರಿಯರೇ, ನೀವು ಕುಮಟಾದಲ್ಲಿ ಕುಳಿತು ನಮ್ಮ ಗೋಡೆಯನ್ನು ಕಂಡಂತೆ ಬರೆದಿದ್ದೀರಿ. ರೋಸೆಟ್ಟಿನಲ್ಲಿ ಹಳೆಯ ಡ್ರಾಪ್ ವೈರು ಹಾಗೆಯೇ ಇತ್ತು, ತುದಿಗಳು ಹಸಿರಾಗಿದ್ದವು. ಬಿಡಿಸಿದ ಕೂಡಲೇ ಚರಚರ ನಿಂತಿತು. ಯಂತ್ರದ ಹಿಂಬದಿಯ ಕಿಂಡಿಗಳು ಸರಿಯಾಗಿಯೇ ಇದ್ದವು. ನೇರ ತಂತಿಯಲ್ಲಿ ಶಿರಸಿಯೊಳಗೇ ಒಬ್ಬ ಪರಿಚಯದ ವಕೀಲರ ಕಚೇರಿಗೆ ಮೂರು ಪುಟ ಕಳಿಸಿದೆವು, ಎರಡು ಸಲವೂ ಪೂರ್ತಿ ಹೋಯಿತು. ಆದರೆ ಜಪಾನಿಗೆ ಕಳಿಸಿದಾಗ ಎರಡನೆಯ ಪುಟದ ಕೊನೆಯಲ್ಲಿ ಮತ್ತೆ ನಿಂತಿತು. ಮೊದಲಿಗಿಂತ ಮುಂದೆ ಹೋಗಿದೆ, ಪೂರ್ತಿ ಆಗಿಲ್ಲ.

ಬೈತಖೋಲ ಬಂದರು, ಕಾರವಾರ

ನಾನು ಹಡಗು ಏಜೆಂಟರ ಕಚೇರಿಯಲ್ಲಿ ದೀರ್ಘಕಾಲ ಗುಮಾಸ್ತನಾಗಿದ್ದೆ. ಹಡಗು ಬರುವ ಹೊತ್ತು, ಸರಕಿನ ಪಟ್ಟಿ, ಸಿಬ್ಬಂದಿಯ ಪಟ್ಟಿ ಎಲ್ಲವೂ ಫ್ಯಾಕ್ಸಿನಲ್ಲೇ ಬರುತ್ತಿದ್ದ ಕಾಲ ಅದು. ಕಳಿಸುವ ತೊಂದರೆಗೆ ಬಲ್ಲವರು ಉತ್ತರಿಸಲಿ. ಬರುವ ಫ್ಯಾಕ್ಸಿನ ವಿಷಯದಲ್ಲಿ ನನ್ನ ಅನುಭವವನ್ನು ಹೇಳುತ್ತೇನೆ.

ಒಂದೇ ಲೈನಿನಲ್ಲಿ ಮಾತೂ ಫ್ಯಾಕ್ಸೂ ಬರುವಾಗ ಯಾರು ಕರೆದಿದ್ದಾರೆಂದು ಯಂತ್ರಕ್ಕೆ ಗೊತ್ತಾಗುವುದು ಒಂದು ಸದ್ದಿನಿಂದ. ತಾನಾಗಿ ಡಯಲ್ ಮಾಡುವ ಫ್ಯಾಕ್ಸ್ ಯಂತ್ರವು 1100 ಹರ್ಟ್ಸಿನ ಸ್ವರವನ್ನು ಅರ್ಧ ಸೆಕೆಂಡು ನುಡಿಸಿ ಮೂರು ಸೆಕೆಂಡು ಸುಮ್ಮನಿರುತ್ತದೆ, ಮತ್ತೆ ನುಡಿಸುತ್ತದೆ. ನಿಮ್ಮ ಅಪ್ಪಯ್ಯನವರಿಗೆ ಬೆಳಗಿನ ಜಾವ ಕೇಳುತ್ತಿರುವುದು ಇದೇ. ಎತ್ತಿಕೊಂಡ ಯಂತ್ರವು 2100 ಹರ್ಟ್ಸಿನ ದೀರ್ಘ ಸ್ವರದಲ್ಲಿ ಉತ್ತರ ಕೊಡುತ್ತದೆ. ನೆಂಟರ ಕಿವಿಗೆ ಬೀಳುವ ಕೂಗು ಅದು.

ಸ್ವೀಕರಿಸುವ ಕ್ರಮದಲ್ಲಿ ಯಂತ್ರದಲ್ಲಿ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ. ಕೇವಲ ಫ್ಯಾಕ್ಸ್ ಎಂದರೆ ಎಲ್ಲ ಕರೆಗಳಿಗೂ ಯಂತ್ರವೇ ಉತ್ತರಿಸುತ್ತದೆ. ಕೇವಲ ಫೋನ್ ಎಂದರೆ ಮನುಷ್ಯರೇ ಎತ್ತಿ, ಸ್ವರ ಕೇಳಿಸಿದರೆ ಸ್ಟಾರ್ಟ್ ಗುಂಡಿ ಒತ್ತಬೇಕು. ಮೂರನೆಯದು ಎರಡೂ ಬೆರೆತದ್ದು: ಯಂತ್ರ ಮೊದಲು ಎತ್ತಿಕೊಂಡು 1100ರ ಸ್ವರವಿದೆಯೇ ಎಂದು ಆಲಿಸಿ, ಇಲ್ಲವಾದರೆ ತಾನೇ ಇನ್ನೊಂದು ಬಗೆಯ ಗಂಟೆ ಬಾರಿಸಿ ಮನೆಯವರನ್ನು ಕರೆಯುತ್ತದೆ. ಕೇಳಲು ಇದು ಚೆನ್ನಾಗಿದೆ. ಆದರೆ ಆ ಎರಡನೆಯ ಗಂಟೆ ಬಾರಿಸುವುದು ಯಂತ್ರದ ಹೊಟ್ಟೆಯಲ್ಲಿ. ಕವಲಿನಲ್ಲಿರುವ ಮಾಳಿಗೆಯ ಫೋನು ಆಗ ಬಾರಿಸುವುದೇ ಇಲ್ಲ. ಅಲ್ಲದೆ ಯಂತ್ರ ಎತ್ತಿದ ಗಳಿಗೆಯಿಂದಲೇ ಕರೆ ಮಾಡಿದವರಿಗೆ ಹಣ ಬೀಳತೊಡಗುತ್ತದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾಳಿಗೆಯಲ್ಲಿ ಮಾತಾಡಬೇಕಾದ ನಿಮ್ಮಂಥವರಿಗೆ ಈ ಆಯ್ಕೆ ಹೊಂದುವುದಿಲ್ಲ ಎಂದೇ ನನ್ನ ಅಭಿಪ್ರಾಯ.

ನನ್ನ ಸಲಹೆ ಹೀಗಿದೆ. ಮಾಳಿಗೆಯ ಫೋನಿನ ತಂತಿಯನ್ನು ರೋಸೆಟ್ಟಿನ ಕವಲಿನಿಂದ ತೆಗೆದು ಯಂತ್ರದ ಎಕ್ಸ್‌ಟ್ ಕಿಂಡಿಗೆ ಹಾಕಿ. ಆಗ ಫ್ಯಾಕ್ಸ್ ನಡೆಯುತ್ತಿರುವಾಗ ಮೇಲೆ ಯಾರಾದರೂ ರಿಸೀವರ್ ಎತ್ತಿದರೂ ಹಲವು ಯಂತ್ರಗಳು ಆ ಫೋನನ್ನು ಲೈನಿನಿಂದ ಬೇರ್ಪಡಿಸಿ ಇಡುತ್ತವೆ, ಪುಟ ಹರಿಯುವುದಿಲ್ಲ. ಕೇವಲ ಫ್ಯಾಕ್ಸ್ ಎಂಬ ಆಯ್ಕೆಯನ್ನಿಟ್ಟು, ಎತ್ತಿಕೊಳ್ಳುವ ಮುನ್ನ ಬಾರಿಸಬೇಕಾದ ಗಂಟೆಗಳ ಸಂಖ್ಯೆಯನ್ನು ನಿಮ್ಮ ಯಂತ್ರ ಒಪ್ಪುವ ಗರಿಷ್ಠಕ್ಕೆ ಇಡಿ. ಮನೆಯಲ್ಲಿ ಜನ ಇದ್ದಾಗ ಅವರೇ ಎತ್ತುತ್ತಾರೆ, ಇಲ್ಲದಾಗ ಯಂತ್ರ ಎತ್ತುತ್ತದೆ. ಎತ್ತಿದವರಿಗೆ ಫ್ಯಾಕ್ಸಿನ ಸ್ವರ ಕೇಳಿಸಿದರೆ ಕೆಳಗಿಳಿದು ಓಡಬೇಕಾಗಿಲ್ಲ: ಫೋನಿನಲ್ಲೇ ಒಂದು ಸಂಕೇತ ಒತ್ತಿದರೆ ಯಂತ್ರ ಕರೆಯನ್ನು ವಹಿಸಿಕೊಳ್ಳುತ್ತದೆ. ಬ್ರದರ್ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಸ್ಟಾರ್ 51. ಬೇರೆಯವುಗಳಲ್ಲಿ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಈ ಸೌಲಭ್ಯವನ್ನು ಮೆನುವಿನಲ್ಲಿ ಮೊದಲು ಚಾಲೂ ಮಾಡಬೇಕು ಮತ್ತು ಮಾಳಿಗೆಯ ಫೋನು ಟೋನ್ ಡಯಲಿಂಗ್‌ನಲ್ಲಿರಬೇಕು. ನಾವು ಆ ಸಂಕೇತವನ್ನು ದಪ್ಪ ಅಕ್ಷರದಲ್ಲಿ ಬರೆದು ಪ್ರತಿ ಫೋನಿಗೂ ಅಂಟಿಸಿದ್ದೆವು.

ಕಾಲ್ ವೇಟಿಂಗ್ ಸೌಲಭ್ಯವಿದ್ದರೆ ತೆಗೆಸಿಬಿಡಿ. ಫ್ಯಾಕ್ಸ್ ನಡುವೆ ಇನ್ನೊಂದು ಕರೆಯ ಸೂಚನೆಯ ಸದ್ದು ಲೈನಿಗೆ ಬಿದ್ದರೆ ಸಂಪರ್ಕ ಮುರಿಯುವುದುಂಟು. ಹಾಗೆಯೇ ಪುಟದ ತಲೆಯಲ್ಲಿ ಅಚ್ಚಾಗುವ ಹೆಸರು, ದಿನಾಂಕ, ಸಂಖ್ಯೆಗಳನ್ನು ಸರಿಯಾಗಿ ತುಂಬಿ. ಹೊರದೇಶದವರಿಗೆ ಹೋಗುವ ಪುಟದಲ್ಲಿ 08384 ಎಂದು ಹಾಕದೆ, ಸೊನ್ನೆ ಬಿಟ್ಟು, +91 8384 ಎಂದು ಆರಂಭಿಸಬೇಕು.

ಶರಾವತಿ ದಂಡೆ, ಹೊನ್ನಾವರ

ಇನ್ನೂ ತಾಮ್ರದ ಲೈನಿನಲ್ಲೇ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ಮಾತು. ಮಾತು ಮತ್ತು ಫ್ಯಾಕ್ಸ್ ಹರಿಯುವುದು 300ರಿಂದ 3400 ಹರ್ಟ್ಸಿನೊಳಗೆ. ಬ್ರಾಡ್‌ಬ್ಯಾಂಡ್ ಹರಿಯುವುದು ಅದಕ್ಕಿಂತ ಬಹಳ ಮೇಲೆ, ಸುಮಾರು 25,000 ಹರ್ಟ್ಸಿನಿಂದಾಚೆಗೆ. ಎರಡನ್ನೂ ಬೇರ್ಪಡಿಸುವ ಫಿಲ್ಟರ್ ಫೋನಿಗೆ ಎಷ್ಟು ಮುಖ್ಯವೋ ಫ್ಯಾಕ್ಸಿಗೂ ಅಷ್ಟೇ ಮುಖ್ಯ. ನಮ್ಮಲ್ಲಿ ಫೋನಿಗೆ ಮಾತ್ರ ಹಾಕಿ ಫ್ಯಾಕ್ಸಿಗೆ ಹಾಕದೆ ಬಿಟ್ಟಿದ್ದರಿಂದ ಪುಟಗಳ ಮೇಲೆ ಅಡ್ಡಗೆರೆಗಳು ಬರುತ್ತಿದ್ದವು, ಇತ್ತ ಇಂಟರ್ನೆಟ್ಟೂ ಕಡಿದು ಹೋಗುತ್ತಿತ್ತು. ಫಿಲ್ಟರ್ ಹಾಕಿದ ದಿನವೇ ಎರಡೂ ಸರಿಹೋದವು.

ಅಘನಾಶಿನಿ, ಸಿದ್ದಾಪುರ

ಇಂಟರ್ನೆಟ್ ಮೂಲಕ ಹರಿಯುವ ದೂರವಾಣಿಯ ಕೆಲಸ ನನ್ನ ವೃತ್ತಿಯಾದ್ದರಿಂದ, ಜಪಾನಿಗೆ ಹೋಗುವ ಪುಟ ಏಕೆ ನಡುವೆಯೇ ನಿಲ್ಲುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎ4 ಹಾಳೆಯ ಅಗಲದ ಒಂದು ಗೆರೆಯನ್ನು ಫ್ಯಾಕ್ಸ್ ಯಂತ್ರ 1728 ಬಿಂದುಗಳಾಗಿ ಓದುತ್ತದೆ. ಸಾಮಾನ್ಯ ದರ್ಜೆಯಲ್ಲಿ ಉದ್ದಕ್ಕೆ ಮಿಲಿಮೀಟರಿಗೆ 3.85 ಗೆರೆಗಳು, ಅಂದರೆ ಒಂದು ಪುಟಕ್ಕೆ ಸುಮಾರು 1143 ಗೆರೆಗಳು, ಒಟ್ಟು ಹತ್ತೊಂಬತ್ತೂಮುಕ್ಕಾಲು ಲಕ್ಷ ಬಿಂದುಗಳು. ಇವನ್ನು ಹಾಗೆಯೇ ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ ಕಳಿಸಿದರೆ ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಬಿಳಿ ಜಾಗವೇ ಹೆಚ್ಚಿರುವ ಪುಟವನ್ನು ಯಂತ್ರ ಒತ್ತಿ ಚಿಕ್ಕದು ಮಾಡುವುದರಿಂದ ಅದು ಒಂದು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಒತ್ತಿದ ಮಾಹಿತಿಯಲ್ಲಿ ಒಂದು ತುಣುಕು ಕಳೆದರೂ ಕೆಡುವುದು ಒಂದು ಬಿಂದುವಲ್ಲ, ಇಡೀ ಗೆರೆ, ಕೆಲವೊಮ್ಮೆ ಹಲವು ಗೆರೆಗಳು.

ಈಗ ಫೈಬರಿನ ಕಡೆಗೆ ಬರೋಣ. ನಿಮ್ಮ ಮೋಡೆಮ್ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಪೊಟ್ಟಣ ಕಟ್ಟಿ ಕಳಿಸುತ್ತದೆ. ಪೊಟ್ಟಣಗಳು ಒಂದೇ ಸಮನೆ ಬಾರದಿರುವುದರಿಂದ ಆಚೆಯ ತುದಿಯಲ್ಲಿ ಕೆಲವನ್ನು ಕೂಡಿಟ್ಟುಕೊಂಡು ಸಮವಾಗಿ ನುಡಿಸುತ್ತಾರೆ. ಎರಡೂ ತುದಿಗಳ ಗಡಿಯಾರಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೂಡಿಟ್ಟ ರಾಶಿ ನಿಧಾನವಾಗಿ ಬೆಳೆಯುತ್ತದೆ ಇಲ್ಲವೇ ಕರಗುತ್ತದೆ, ಒಂದು ಹೊತ್ತಿನಲ್ಲಿ ಒಂದು ತುಣುಕನ್ನು ಬಿಡಬೇಕಾಗುತ್ತದೆ ಅಥವಾ ಇಲ್ಲದ್ದನ್ನು ಸೇರಿಸಬೇಕಾಗುತ್ತದೆ. ಮಾತಿನ ನಡುವೆ 20 ಮಿಲಿಸೆಕೆಂಡು ಹೋದರೆ ಕಿವಿಗೆ ತಿಳಿಯುವುದೇ ಇಲ್ಲ. ಫ್ಯಾಕ್ಸಿನ ಪಾಲಿಗೆ ಆ ಕ್ಷಣದಲ್ಲಿ ತಾಳ ತಪ್ಪುತ್ತದೆ. ಕರೆ ಉದ್ದವಾದಷ್ಟೂ ಇಂಥ ಕ್ಷಣ ಬರುವ ಸಂಭವ ಹೆಚ್ಚು. ಮೊದಲ ಪುಟ ಹೋಗಿ ಎರಡನೆಯದು ನಿಲ್ಲುವುದಕ್ಕೆ ಇದು ಸಾಮಾನ್ಯ ಕಾರಣ.

ಧ್ವನಿಯನ್ನು ಒತ್ತುವ ಬಗೆಯೂ ಮುಖ್ಯ. ಜಿ.711 ಎಂಬ ಕ್ರಮದಲ್ಲಿ ಸೆಕೆಂಡಿಗೆ 64,000 ಬಿಟ್‌ಗಳು ಹೋಗುತ್ತವೆ, ಅದರಲ್ಲಿ ಫ್ಯಾಕ್ಸಿನ ಸ್ವರ ಉಳಿಯುತ್ತದೆ. ಜಿ.729 ಎಂಬುದು ಅದನ್ನು 8,000ಕ್ಕೆ ಇಳಿಸುತ್ತದೆ; ಅದು ಮನುಷ್ಯರ ಮಾತಿಗಾಗಿಯೇ ರೂಪಿಸಿದ್ದು, ಫ್ಯಾಕ್ಸ್ ಅದರಲ್ಲಿ ಹಾಯಲಾರದು. ಇದಕ್ಕೆಲ್ಲ ಪರಿಹಾರವಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ಟಿ.38 ಎಂಬ ಕ್ರಮವನ್ನು ತಂದಿತು. ಅದರಲ್ಲಿ ಸ್ವರವನ್ನು ಸ್ವರವಾಗಿ ಸಾಗಿಸುವುದಿಲ್ಲ. ಈಚೆಯಲ್ಲೇ ಅದರೊಳಗಿನ ಮಾಹಿತಿಯನ್ನು ಬಿಡಿಸಿ, ಪ್ರತಿ ಪೊಟ್ಟಣದ ಜೊತೆಗೆ ಹಿಂದಿನದರ ಪ್ರತಿಯನ್ನೂ ಇಟ್ಟು ಕಳಿಸಿ, ಆಚೆಯಲ್ಲಿ ಮತ್ತೆ ಸ್ವರ ಮಾಡುತ್ತಾರೆ. ಆದರೆ ದಾರಿಯುದ್ದಕ್ಕೂ ಎಲ್ಲರೂ ಅದನ್ನು ಒಪ್ಪಿದರೆ ಮಾತ್ರ ಪ್ರಯೋಜನ. ನಿಮ್ಮ ದೂರವಾಣಿ ಸಂಸ್ಥೆಯವರನ್ನು ಈ ಎರಡು ಪ್ರಶ್ನೆಗಳನ್ನೇ ಕೇಳಿ: ನನ್ನ ಸಂಖ್ಯೆಯ ಮೇಲೆ ಟಿ.38 ಚಾಲೂ ಇದೆಯೇ, ಇಲ್ಲವಾದರೆ ಫ್ಯಾಕ್ಸಿಗೆ ಜಿ.711 ಮಾತ್ರ ಬಳಕೆಯಾಗುವಂತೆ ಮಾಡುತ್ತೀರಾ. ಬರೀ ಫ್ಯಾಕ್ಸ್ ಹೋಗುತ್ತಿಲ್ಲ ಎಂದು ದೂರಿದರೆ ಯಂತ್ರ ಬದಲಿಸಿ ಎಂದಷ್ಟೇ ಉತ್ತರ ಬರುವ ಸಾಧ್ಯತೆ ಹೆಚ್ಚು.

ನಿಮ್ಮ ಕೈಯಲ್ಲಿರುವುದು ವೇಗ. ಯಂತ್ರ ಸೂಪರ್ ಜಿ3 ಆಗಿದ್ದರೆ ಅದು 33,600ರ ವೇಗಕ್ಕೆ ಪ್ರಯತ್ನಿಸುತ್ತದೆ. ಇಂಥ ಲೈನಿನಲ್ಲಿ ಅದನ್ನು ನಿಲ್ಲಿಸಿ. ಇಲ್ಲದಿದ್ದರೂ 14,400ರಿಂದ 9600ಕ್ಕೆ ಇಳಿಸಿ, ಆಗಲೂ ಆಗದಿದ್ದರೆ 4800. ಹಲವು ಯಂತ್ರಗಳಲ್ಲಿ ಓವರ್‌ಸೀಸ್ ಮೋಡ್ ಎಂಬ ಆಯ್ಕೆ ಇರುತ್ತದೆ. ದೂರದ ಕರೆಯ ವಿಳಂಬ ಮತ್ತು ಪ್ರತಿಧ್ವನಿಗಳನ್ನು ತಾಳಿಕೊಂಡು ನಿಧಾನವಾಗಿ ಕಳಿಸುವಂತೆ ಅದು ಮಾಡುತ್ತದೆ. ಜಪಾನಿಗೆ ಕಳಿಸುವಾಗ ಅದನ್ನು ಹಾಕಿ. ಫೈನ್ ದರ್ಜೆ ಬಳಸುತ್ತಿದ್ದರೆ ಗೆರೆಗಳು ಎರಡರಷ್ಟಾಗುತ್ತವೆ, ಕರೆಯೂ ಉದ್ದವಾಗುತ್ತದೆ. ಅಕ್ಷರ ದಪ್ಪವಿದ್ದರೆ ಸಾಮಾನ್ಯ ದರ್ಜೆಯೇ ಸಾಕು. ಕೊನೆಯದಾಗಿ, ತಪ್ಪು ತಿದ್ದುವ ಇಸಿಎಂ ಆಯ್ಕೆಯನ್ನು ತೆಗೆದು ನೋಡಿ. ಅದು ಚಾಲೂ ಇದ್ದಾಗ ಪ್ರತಿ ಪೆಟ್ಟಿಗೂ ಕೆಟ್ಟ ಭಾಗವನ್ನು ಮತ್ತೆ ಮತ್ತೆ ಕಳಿಸುತ್ತಾ ಕರೆ ಉದ್ದವಾಗಿ ಕಡೆಗೆ ಕಡಿದೇ ಹೋಗುತ್ತದೆ.

ಬೈತಖೋಲ ಬಂದರು, ಕಾರವಾರ

ಸಿದ್ದಾಪುರದವರ ವಿವರಣೆ ಓದಿ ಇಷ್ಟು ವರ್ಷ ಬಳಸಿದ ಯಂತ್ರದ ಒಳಗುಟ್ಟು ತಿಳಿದಂತಾಯಿತು. ಆದರೆ ಇಸಿಎಂ ತೆಗೆಯುವ ಸಲಹೆಯನ್ನು ಒಪ್ಪಲಾರೆ. ಅದಿಲ್ಲದಿದ್ದರೆ ಕೆಟ್ಟ ಗೆರೆಗಳು ಕೆಟ್ಟಂತೆಯೇ ಅಚ್ಚಾಗುತ್ತವೆ, ಯಂತ್ರ ಮಾತ್ರ ಸರಿಯಾಗಿ ತಲುಪಿತು ಎಂದು ವರದಿ ಕೊಡಬಹುದು. ನಮ್ಮಲ್ಲಿ ಒಮ್ಮೆ ಸರಕಿನ ಪಟ್ಟಿಯ ಒಂದು ಸಾಲಿನ ಮೇಲರ್ಧ ಕಲಸಿಹೋಗಿ 6 ಯಾವುದು 8 ಯಾವುದು ಎಂದು ಗುರುತು ಸಿಗದೆ, ತೂಕವನ್ನು ತಪ್ಪಾಗಿ ಬರೆದುಕೊಂಡು, ಅದನ್ನು ತಿದ್ದಿಸಲು ಎರಡು ದಿನ ಓಡಾಡಿದ್ದೆ. ಮೆಣಸಿನ ವ್ಯಾಪಾರದಲ್ಲಿ ಕ್ವಿಂಟಲೂ ದರವೂ ಅಂಕೆಗಳೇ. ಹೋಗದ ಫ್ಯಾಕ್ಸನ್ನು ಮತ್ತೆ ಕಳಿಸಬಹುದು. ತಪ್ಪು ಅಂಕೆ ಹೊತ್ತು ಹೋದ ಫ್ಯಾಕ್ಸನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ.

ಅಘನಾಶಿನಿ, ಸಿದ್ದಾಪುರ

ನಿಮ್ಮ ಮಾತು ಸರಿ. ಕರೆ ಪೂರ್ಣಗೊಳ್ಳುವುದನ್ನಷ್ಟೇ ನೋಡಿ ಬರೆದೆ, ಹಾಳೆಯ ಮೇಲಿನ ಅಂಕೆಗಳ ವಿಚಾರ ಮಾಡಲಿಲ್ಲ. ಇಸಿಎಂ ಇರಲಿ, ವೇಗವನ್ನು ಇಳಿಸುವುದರಿಂದ ಆರಂಭಿಸಿ. 4800ಕ್ಕೆ ಇಳಿಸಿಯೂ ಹೋಗದಿದ್ದರೆ ಮಾತ್ರ ಇಸಿಎಂ ತೆಗೆದು, ಆ ಪುಟದ ಅಂಕೆಗಳನ್ನು ಅಕ್ಷರಗಳಲ್ಲೂ ಬರೆದು ಕಳಿಸಬೇಕು. ಮೂರು ಪುಟಗಳನ್ನು ಒಂದೇ ಕರೆಯಲ್ಲಿ ಕಳಿಸುವ ಬದಲು ಒಂದೊಂದು ಪುಟಕ್ಕೆ ಒಂದೊಂದು ಕರೆ ಮಾಡುವುದೂ ಒಂದು ದಾರಿ. ತಾಳ ತಪ್ಪುವ ಹೊತ್ತಿಗೆ ಕರೆಯೇ ಮುಗಿದಿರುತ್ತದೆ.

ಬೇಡ್ತಿ, ಯಲ್ಲಾಪುರ

ಚರ್ಚೆಯಲ್ಲಿ ಸಿಡಿಲಿನ ಮಾತು ಬರಲಿಲ್ಲ, ನಮ್ಮ ಘಟ್ಟದ ಮೇಲಿನವರಿಗೆ ಅದು ಬಹಳ ಮುಖ್ಯ. ಫ್ಯಾಕ್ಸ್ ಯಂತ್ರಕ್ಕೆ ಎರಡು ದಾರಿಯಿಂದ ವಿದ್ಯುತ್ತು ಬರುತ್ತದೆ, ಒಂದು ಕರೆಂಟಿನ ಪ್ಲಗ್ಗು, ಇನ್ನೊಂದು ದೂರವಾಣಿ ತಂತಿ. ಒಂದರಿಂದ ಬಂದ ಸಿಡಿಲಿನ ಪೆಟ್ಟು ಯಂತ್ರವನ್ನು ಹಾದು ಇನ್ನೊಂದರಿಂದ ಹೊರಹೋಗಲು ನೋಡುತ್ತದೆ. ಸಾದಾ ಫೋನು ಉಳಿದ ಮನೆಯಲ್ಲಿ ಫ್ಯಾಕ್ಸು ಸುಟ್ಟುಹೋಗುವುದು ಇದರಿಂದಲೇ. ಮುಂಗಾರಿಗೆ ಮುಂಚಿನ ಗುಡುಗಿನ ದಿನಗಳಲ್ಲಿ ನಮ್ಮ ಒಂದು ಯಂತ್ರ ಹಾಗೆಯೇ ಹೋಯಿತು. ಪ್ಲಗ್ಗು ಕಿತ್ತಿದ್ದೆವು, ತಂತಿ ಕಿತ್ತಿರಲಿಲ್ಲ. ಎರಡನ್ನೂ ಕೀಳಬೇಕು. ಫೈಬರ್ ಬಂದ ಮೇಲೆ ಭಯವಿಲ್ಲ ಎಂದುಕೊಳ್ಳಬಾರದು: ಗಾಜು ವಿದ್ಯುತ್ತನ್ನು ಒಯ್ಯದಿದ್ದರೂ ಅನೇಕ ಕೇಬಲ್ಲುಗಳಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ, ಮೋಡೆಮಿಗೆ ಕರೆಂಟಿನ ಅಡಾಪ್ಟರೂ ಇದೆ. ಕುಮಟಾದವರು ಬಿಡಿಸಲು ಹೇಳಿದ ಆ ಹಳೆಯ ಡ್ರಾಪ್ ವೈರಂತೂ ಸಿಡಿಲಿಗೆ ತೆರೆದಿಟ್ಟ ಬಾಗಿಲು. ಒಳಗಿನ ತುದಿಯನ್ನು ಬಿಡಿಸಿದರೆ ಸಾಲದು, ಇಡೀ ತಂತಿಯನ್ನು ಸಂಸ್ಥೆಯವರಿಂದಲೇ ಗೋಡೆಯ ಹೊರಗೆ ತೆಗೆಸಿ.

ಇನ್ನೊಂದು ವಿಷಯ ಕರೆಂಟು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ವಿದ್ಯುತ್ತು ಬರುತ್ತಿತ್ತು, ಮನೆಯಲ್ಲಿ ಕರೆಂಟು ಹೋದರೂ ಫೋನು ಜೀವಂತವಾಗಿರುತ್ತಿತ್ತು. ಈಗ ಮೋಡೆಮ್ ಆರಿದರೆ ಲೈನೂ ಆರುತ್ತದೆ. ಬೆಳಗಿನ 5.30ರ ಫ್ಯಾಕ್ಸಿಗೆ ಕಾಯುವವರು ಮೋಡೆಮ್ ಮತ್ತು ಯಂತ್ರ ಎರಡನ್ನೂ ಇನ್ವರ್ಟರಿಗೆ ಜೋಡಿಸಿರಬೇಕು.

ಹಳೆಯ ಕಂಬ, ಕುಮಟಾ

ಯಲ್ಲಾಪುರದವರ ಮಾತಿಗೆ ನನ್ನ ಪೂರ್ಣ ಸಮ್ಮತಿ. ಒಳಗಿನ ತುದಿಗೆ ಟೇಪು ಸುತ್ತಿ ಎಂದಷ್ಟೇ ಬರೆದು ನಿಲ್ಲಿಸಬಾರದಿತ್ತು. ಶಿರಸಿಯವರೇ, ಆ ತಂತಿಯನ್ನು ದಯವಿಟ್ಟು ಮೊದಲು ಹೊರಗೆ ತೆಗೆಸಿ. ನಿಮ್ಮ ಯಂತ್ರದಲ್ಲಿ ಶಾಖಕ್ಕೆ ಕಪ್ಪಾಗುವ ನುಣುಪು ಸುರುಳಿ ಕಾಗದ ಬಳಕೆಯಾಗುತ್ತಿದ್ದರೆ ಬಂದ ಬೇಡಿಕೆ ಪತ್ರವನ್ನು ಅಂದೇ ಝೆರಾಕ್ಸ್ ಮಾಡಿಸಿಡಿ. ಬಿಸಿಲು ಮತ್ತು ಬಿಸಿಗೆ ಆ ಅಕ್ಷರ ಮಾಸುತ್ತದೆ.

ಮೆಣಸಿನಬಳ್ಳಿ, ಶಿರಸಿ

ಎಲ್ಲ ಹಿರಿಯರಿಗೂ ಮಿತ್ರರಿಗೂ ನಮ್ಮ ಮನೆಯವರೆಲ್ಲರ ಪರವಾಗಿ ವಂದನೆಗಳು. ಈ ವಾರ ನಡೆದದ್ದನ್ನು ಕ್ರಮವಾಗಿ ತಿಳಿಸುತ್ತೇನೆ.

ಹಳೆಯ ಡ್ರಾಪ್ ವೈರನ್ನು ಕಂಬದವರೆಗೂ ತೆಗೆಸಿದೆವು. ರೋಸೆಟ್ಟನ್ನು ಪೂರ್ತಿ ಬಿಟ್ಟು, ಮೋಡೆಮಿನಿಂದ ಫ್ಯಾಕ್ಸಿನ ಲೈನ್ ಕಿಂಡಿಗೆ ಎರಡು ಮೀಟರಿನ ಹೊಸ ತಂತಿ ಹಾಕಿದೆವು. ಮಾಳಿಗೆಯ ಫೋನನ್ನು ಎಕ್ಸ್‌ಟ್ ಕಿಂಡಿಗೆ ಸೇರಿಸಿದೆವು. ನಮ್ಮ ಯಂತ್ರ ಬ್ರದರ್‌ನದೇ ಆಗಿತ್ತು. ದೂರದಿಂದ ಚಾಲೂ ಮಾಡುವ ಆಯ್ಕೆ ಮೆನುವಿನಲ್ಲಿ ಬಂದ್ ಆಗಿತ್ತು, ಅದನ್ನು ತೆರೆದ ಮೇಲೆ ಸ್ಟಾರ್ 51 ಕೆಲಸ ಮಾಡಿತು. ಅಪ್ಪಯ್ಯನವರಿಗೆ ಎರಡು ಸಲ ನನ್ನ ತಮ್ಮ ವಕೀಲರ ಕಚೇರಿಯಿಂದ ಫ್ಯಾಕ್ಸ್ ಕಳಿಸಿ ಅಭ್ಯಾಸ ಮಾಡಿಸಿದ. ಒತ್ತಿದ ಮೇಲೆ ಆಚೆಯ ಸ್ವರ ಬದಲಾಗುವವರೆಗೆ ರಿಸೀವರ್ ಇಡಬಾರದು ಎಂಬುದೊಂದನ್ನು ಅವರು ಮೊದಲ ಸಲ ಮರೆತಿದ್ದರು, ಎರಡನೆಯ ಸಲ ಸರಿಯಾಗಿ ಮಾಡಿದರು.

ವೇಗದ ವಿಷಯದಲ್ಲಿ ಇಸಿಎಂ ಇಟ್ಟುಕೊಂಡೇ 9600ಕ್ಕೆ ಇಳಿಸಿ, ಓವರ್‌ಸೀಸ್ ಮೋಡ್ ಹಾಕಿ ಕಳಿಸಿದಾಗ ಮೂರು ಪುಟಗಳೂ ಒಂದೇ ಕರೆಯಲ್ಲಿ ಹೋದವು. ಮರುದಿನ ನಾಲ್ಕು ಪುಟಗಳಿದ್ದವು, ಮೂರನೆಯದರಲ್ಲಿ ನಿಂತಿತು. ಉಳಿದ ಎರಡನ್ನು ಬೇರೆ ಬೇರೆ ಕರೆಗಳಲ್ಲಿ ಕಳಿಸಿದೆವು, ಹೋಯಿತು. ಸಂಸ್ಥೆಯ ಸಹಾಯವಾಣಿಗೆ ಸಿದ್ದಾಪುರದವರು ಬರೆದುಕೊಟ್ಟ ಎರಡು ಪ್ರಶ್ನೆಗಳನ್ನೇ ಓದಿ ಹೇಳಿದೆ. ಮೊದಲು ಎತ್ತಿದವರಿಗೆ ತಿಳಿಯಲಿಲ್ಲ. ದೂರನ್ನು ಮೇಲಿನವರಿಗೆ ಕಳಿಸಿದ್ದಾರೆ, ಟಿ.38ರ ಬಗ್ಗೆ ಉತ್ತರ ಇನ್ನೂ ಬರಬೇಕು. ಪ್ರತ್ಯೇಕ ಸಂಖ್ಯೆಯ ಯೋಚನೆಯನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ.

ಇಂದು ಬೆಳಿಗ್ಗೆ 5.35ಕ್ಕೆ ಗಂಟೆ ಬಾರಿಸಿತು. ಅಪ್ಪಯ್ಯ ಮಾಳಿಗೆಯಲ್ಲೇ ಎತ್ತಿ, ಸ್ವರ ಕೇಳಿ, ಸ್ಟಾರ್ 51 ಒತ್ತಿ, ಸ್ವರ ಬದಲಾದ ಮೇಲೆ ರಿಸೀವರ್ ಇಟ್ಟರು. ನಾನು ಅಂಗಡಿಯ ಬಾಗಿಲು ತೆಗೆದಾಗ ಎರಡು ಪುಟಗಳ ಬೇಡಿಕೆ ಪತ್ರ ಒಂದು ಗೆರೆಯೂ ಕೆಡದೆ ತಟ್ಟೆಯಲ್ಲಿತ್ತು.